ಕೆರ್ಯಾಗ ದೋಣಿ ನಿಲ್ಲಿಸೋದು ಹೆಂಗ? ಲಂಗರು ಆರಿಸೋ ಮುಂದ ಇಷ್ಟು ತಿಳ್ಕೋರಿ

ಹೋದ ವರ್ಷ ಶ್ರಾವಣದಾಗ ನಮ್ಮ ಕೆರಿ ತುಂಬಿ ಕೋಡಿ ಬಿದ್ದಿತ್ತು. ನಾನು, ನಮ್ಮ ಅತ್ತಿ ಮಗ ಇಬ್ಬರೂ ಮೀನಿಗೆ ಶೇಂಗಾ ಹಿಂಡಿ, ತೌಡು ಹಾಕಲಿಕ್ಕೆ ದೋಣಿ ತಗೊಂಡು ನಡುನೀರಿಗೆ ಹೋಗಿದ್ದೆವು. ಲಂಗರು ಅಂತ ನಮ್ಮ ಹತ್ರ ಇದ್ದದ್ದು 25 ಕೆ.ಜಿ. ಕಲ್ಲು, 20 ಅಡಿ ಹಗ್ಗ. ನೀರಿನ ಆಳ 12 ಅಡಿ. ಪಡುವಣ ಗಾಳಿ ಜೋರಾದ ಕೂಡಲೇ ಕಲ್ಲು ರಾಡಿಯೊಳಗ ಜಾರತೊಡಗಿತು, ದೋಣಿ ಕೋಡಿ ಕಡೆ ಹೊಂಟಿತು. ಗಾಬರಿಯಾಗಿ ಎದ್ದು ನಿಂತ ಅತ್ತಿ ಮಗನ ಕಾಲು ಹಗ್ಗದ ಸುರುಳಿಯೊಳಗ ಸಿಕ್ಕಿತು. ಅವನಿಗೆ ಈಜು ಬರೋದಿಲ್ಲ. ನೀರಿನ ಮ್ಯಾಲೆ ಬಾಗಿದ್ದ ಒಂದು ಜಾಲಿ ಟೊಂಗಿ ಹಿಡಕೊಂಡು ಉಳಕೊಂಡೆವು. ಕೈಗೆ ಹೊಕ್ಕ ಮುಳ್ಳು ತೆಗೀಲಿಕ್ಕೆ ಎರಡು ದಿನ ಹಿಡೀತು.

ತಪ್ಪು ಪೂರಾ ನಂದೇ. ಭಾರ ಇದ್ರ ದೋಣಿ ನಿಲ್ತದ ಅಂತ ತಿಳದಿದ್ದೆ. ಆದ್ರ ಕಲ್ಲು ನೀರಿಗೆ ಬಿದ್ದ ಕೂಡಲೇ ಹಗುರ ಆಗ್ತದ. ತನ್ನ ಗಾತ್ರದಷ್ಟು ನೀರನ್ನು ಪಕ್ಕಕ್ಕೆ ಸರಿಸಿದ್ದಕ್ಕೆ ಅಷ್ಟು ತೂಕ ಕಳಕೋತದ. ನನ್ನ 25 ಕೆ.ಜಿ. ಕಲ್ಲು ನೀರೊಳಗ ಸುಮಾರು 15.5 ಕೆ.ಜಿ. ಮಾತ್ರ. ಸಿಮೆಂಟ್ ಕಾಂಕ್ರೀಟ್ ಇನ್ನಾ ಕಡಿ. ಅದೇ 25 ಕೆ.ಜಿ. ಕಬ್ಬಿಣ ಆದ್ರ 22 ಕೆ.ಜಿ. ಹತ್ರ ಉಳೀತದ. ಇತ್ತ ಗಾಳಿಯ ವೇಗ ಎರಡು ಪಟ್ಟಾದ್ರ ದೋಣಿ ಮ್ಯಾಲೆ ಅದರ ಒತ್ತಡ ನಾಲ್ಕು ಪಟ್ಟಾಗ್ತದ. ಬರೇ ಭಾರದಿಂದ ಇದನ್ನು ಗೆಲ್ಲಲಿಕ್ಕೆ ಹೋದ್ರ ದೋಣಿ ತುಂಬ ಕಲ್ಲೇ ಹೇರಬೇಕಾದೀತು.

ಲಂಗರಿನ ಕೆಲಸ ನೆಲ ಕಚ್ಚೋದು. ರಂಟಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆತ ತಗ್ಗಿನಿಂದ ಬಂದ್ರ ಕುಳ ಮಣ್ಣೊಳಗ ಇಳೀತದ, ಮ್ಯಾಲಕ್ಕ ಎಳೆದ್ರ ಎದ್ದು ಬರ್ತದ. 1933ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಿ. ಐ. ಟೇಲರ್ ಮಾಡಿದ ಲಂಗರು ನೋಡಲಿಕ್ಕೂ ನೇಗಿಲಿನ ಹಂಗೇ ಇದೆ, ಅಂಥವಕ್ಕೆ ಹೆಸರೇ ನೇಗಿಲ ಲಂಗರು. ನಮ್ಮ ಕಡೆ ಕೆರಿಗಳ ತಳದಾಗ ಹೂಳು, ಎರಿಮಣ್ಣಿನ ರಾಡಿ ಹೆಚ್ಚು. ಅದಕ್ಕೆ ಎರಡು ಅಗಲ ಚಪ್ಪಟೆ ರೆಕ್ಕಿ ಇರುವ ಲಂಗರು ಒಳ್ಳೇದು. ಅಮೆರಿಕದ ಡ್ಯಾನ್‌ಫೋರ್ತ್ ಇದನ್ನು ಮಾಡಿದ, ಎರಡನೇ ಮಹಾಯುದ್ಧದ ದೋಣಿಗಳಿಗೆ ಇದು ಬಹಳ ಬಳಕೆ ಆಯ್ತು. 12ರಿಂದ 14 ಅಡಿ ದೋಣಿಗೆ ಈ ಜಾತಿಯದು 3–4 ಕೆ.ಜಿ. ಇದ್ರ ಸಾಕು. ನನ್ನ ಕಲ್ಲಿನ ಆರನೇ ಒಂದು ಪಾಲು! ಕಾರವಾರ, ಅಂಕೋಲಾ ಕಡೆ ಹೋದಾಗ ಮೀನುಗಾರಿಕೆ ಸಾಮಾನಿನ ಅಂಗಡಿಯಲ್ಲಿ ಕೇಳಿ ನೋಡ್ರಿ.

ಕೊಳ್ಳೋ ಮೊದಲು ತಳ ನೋಡ್ರಿ. ಉದ್ದನ್ನ ಬಿದಿರು ಗಳ ಚುಚ್ಚಿದಾಗ ಮೆತ್ತಗ ಇಳಿದ್ರ ಹೂಳು, ಟಕ್ ಅಂದ್ರ ಕಲ್ಲು. ನವಿಲುತೀರ್ಥದ ಹಿನ್ನೀರಿನಂಥ ಕಡೆ, ಕಲ್ಲು ಬಂಡಿ ಇದ್ದಲ್ಲಿ, ರೆಕ್ಕಿ ಲಂಗರು ಸರಿ ಹಿಡಿಯೋದಿಲ್ಲ. ಅಲ್ಲಿ ಕೊಕ್ಕಿ ಲಂಗರು ಬೇಕು. ಬಾವಿಗೆ ಬಿದ್ದ ಕೊಡ ತೆಗೆಯೋ ಪಾತಾಳ ಗರಡಿ ನೋಡೀರಲ್ಲ, ಅದರ ದೊಡ್ಡಣ್ಣ. ಊರ ವೆಲ್ಡಿಂಗ್ ಅಂಗಡಿಯಲ್ಲೇ 10–12 ಎಂ.ಎಂ. ರಾಡಿನಿಂದ ನಾಲ್ಕು ಕೊಕ್ಕಿ ಬಾಗಿಸಿ ಮಾಡಿಸಬಹುದು. ಮೆತ್ತನ್ನ ಕಬ್ಬಿಣಾನೇ ಹಾಕಿಸ್ರಿ. ಕಲ್ಲಿನ ಸಂದಿಗೆ ಸಿಕ್ಕರೂ ಜೋರಾಗಿ ಎಳೆದಾಗ ಕೊಕ್ಕಿ ಬಿಚ್ಚಿಕೊಂಡು ಬರ್ತದ. ಲಂಗರಿನ ಕೆಳತುದಿಗೆ ಇನ್ನೊಂದು ಸಣ್ಣ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಗೆ ಖಾಲಿ ಡಬ್ಬಿ ತೇಲಿ ಬಿಟ್ಟರೆ ಇನ್ನೂ ಸಲೀಸು. ಸಿಕ್ಕಿಬಿದ್ದಾಗ ಆ ಹಗ್ಗ ಹಿಡಿದು ಹಿಂದುಮುಂದಾಗಿ ಎತ್ತಬಹುದು.

ಇನ್ನು ಹಗ್ಗ. ಬಹಳ ಮಂದಿ ಎಡವೋದು ಇಲ್ಲೇ. ನೀರಿನ ಆಳಕ್ಕೆ ದೋಣಿ ಮೂತಿಯ ಎತ್ತರ ಕೂಡಿಸಿ, ಅದರ ಐದು ಪಟ್ಟು ಹಗ್ಗ ಬಿಡಬೇಕು. ಗಾಳಿ ಇದ್ರ ಏಳು ಪಟ್ಟು. ನಮ್ಮ ಲೆಕ್ಕ ತಗೋರಿ: ಆಳ 12 ಅಡಿ, ಮೂತಿ 2 ಅಡಿ, ಒಟ್ಟು 14. ಶಾಂತ ದಿನ 70 ಅಡಿ, ಗಾಳಿ ದಿನ 98 ಅಡಿ ಬಿಡಬೇಕಿತ್ತು. ನಾನು ಬಿಟ್ಟದ್ದು 20! ಹಗ್ಗ ಗಿಡ್ಡ ಆದ್ರ ಎಳೆತ ನೆಟ್ಟಗೆ ಮ್ಯಾಲಕ್ಕ ಬರ್ತದ, ಎಂಥಾ ಲಂಗರೂ ಕಿತ್ತು ಬರ್ತದ. ಲಂಗರಿಗೂ ಹಗ್ಗಕ್ಕೂ ನಡುವೆ 6 ಅಡಿ ಸರಪಳಿ ಹಾಕಿದ್ರ ಎಳೆತ ನೆಲದ ಸಮಕ್ಕೇ ಉಳೀತದ. ಹಗ್ಗ ನೈಲಾನಿಂದು ಇರಲಿ, ಅದು ಜಗ್ಗಿ ಹೊಡೆತ ತಡಕೋತದ, ಮುಳುಗ್ತದ. ಅಗ್ಗದ ಪ್ಲಾಸ್ಟಿಕ್ ಹಗ್ಗ ನೀರ ಮ್ಯಾಲೆ ತೇಲ್ತದ, ಮೋಟಾರಿನ ಪಂಖಕ್ಕೆ ಸುತ್ತಿಕೋತದ.

ಕಟ್ಟೋದು ಮೂತಿಗೆ ಮಾತ್ರ. ಹಿಂದಿನ ತುದಿಗೆ ಕಟ್ಟಿದ್ರ ತೆರಿ ಒಳಗ ನುಗ್ಗಿ ದೋಣಿ ಮುಳುಗಬಹುದು. ಲಂಗರು ಬೀಸಿ ಒಗೀಬ್ಯಾಡ್ರಿ, ಕುಂತು ನಿಧಾನ ಇಳಿಸ್ರಿ. ಹಗ್ಗದ ಸುರುಳಿ ಕಾಲ ಹತ್ರ ಇರಬಾರದು, ಹಗ್ಗ ಕೊಯ್ಯಲಿಕ್ಕೆ ಕುಡಗೋಲು ಕೈಗೆ ಸಿಗೋ ಹಂಗ ಇರಲಿ. ಜೀವರಕ್ಷಕ ಜಾಕೆಟ್ ಇಲ್ಲದೆ ಹೋಗಲೇಬ್ಯಾಡ್ರಿ, ಈಜು ಬಂದ್ರೂ.

ಕೃಷಿಹೊಂಡದಾಗ ಮೀನು ಸಾಕಿದವರಿಗೆ ಒಂದು ಮಾತು: ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಯಾವ ಲಂಗರೂ ಬ್ಯಾಡ. ಒಂದೇ ತೂತಿನಿಂದ ಹೊಂಡದ ನೀರು ಬಸಿದು ಹೋದೀತು. ಎರಡೂ ದಂಡಿಗೆ ಗೂಟ ಹೊಡೆದು, ತೆಪ್ಪದ ಎರಡೂ ತುದಿಯಿಂದ ಹಗ್ಗ ಕಟ್ಟಿದ್ರ ಆಯ್ತು.

ಲಂಗರು ಇಳಿಸಿದ ಮ್ಯಾಲೆ ಹಗ್ಗ ಬಿಗಿಯಾಗೋ ತನಕ ದೋಣಿ ಹಿಂದಕ್ಕ ಸರಿಯಲಿ. ಆಮ್ಯಾಲೆ ಪಕ್ಕದ ದಂಡಿ ಮ್ಯಾಲೆ ಒಂದರ ಹಿಂದ ಒಂದು ಇರುವ ಎರಡು ಗುರುತು ನೋಡಿಕೋರಿ, ಒಂದು ಗಿಡ, ಅದರ ಹಿಂದೊಂದು ಕರೆಂಟ್ ಕಂಬ ಅಂತ ಇಟ್ಕೋರಿ. ಐದು ನಿಮಿಷ ಬಿಟ್ಟು ನೋಡಿದಾಗ ಕಂಬ ಗಿಡದಿಂದ ಆಚೆಗೆ ಸರಿದಂಗ ಕಂಡ್ರ ಲಂಗರು ಜಾರ್ತಾ ಇದೆ ಅಂತ ತಿಳೀರಿ. ಇನ್ನಷ್ಟು ಹಗ್ಗ ಬಿಡ್ರಿ. ಆಗಲೂ ನಿಲ್ಲದಿದ್ರ ಅವತ್ತಿನ ಕೆಲಸ ಬಿಟ್ಟು ದಂಡಿಗೆ ಬರ್ರಿ.