ಕಡಿಮೆ ಇರುವುದು ಯಾವುದು?

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರವಾದಂತೆ ವಿಜ್ಞಾನ ಓದುವ ಮಕ್ಕಳಿರುವ ಮನೆಗಳಲ್ಲಿ ಒಂದೇ ದೂರು: "ರಾತ್ರಿ ಹನ್ನೆರಡರವರೆಗೆ ಓದುತ್ತಾನೆ, ಆದರೂ ರಸಾಯನಶಾಸ್ತ್ರದಲ್ಲಿ ಅಂಕ ಬರುವುದಿಲ್ಲ." ಇನ್ನೂ ಓದು ಎನ್ನುತ್ತಾರೆ ತಂದೆತಾಯಿ. ಮಗ ಇನ್ನೂ ಹೆಚ್ಚು ಬಾಯಿಪಾಠ ಮಾಡುತ್ತಾನೆ.

ಆ ವಿಷಯದ್ದೇ ಒಂದು ಲೆಕ್ಕ ನೋಡೋಣ. 4 ಗ್ರಾಂ ಜಲಜನಕವು 32 ಗ್ರಾಂ ಆಮ್ಲಜನಕದೊಡನೆ ಕೂಡಿ 36 ಗ್ರಾಂ ನೀರಾಗುತ್ತದೆ. ಆಮ್ಲಜನಕ ಅಷ್ಟೇ ಇದ್ದು, ಜಲಜನಕವನ್ನು ಮಾತ್ರ 8 ಗ್ರಾಂಗೆ ಏರಿಸಿದರೆ ನೀರೆಷ್ಟು? ಅವಸರದವರು 72 ಅಥವಾ 40 ಎನ್ನುತ್ತಾರೆ. ಸರಿಯುತ್ತರ ಅದೇ 36. ಆಮ್ಲಜನಕ ಮುಗಿದೊಡನೆ ಕ್ರಿಯೆ ನಿಲ್ಲುತ್ತದೆ. 4 ಗ್ರಾಂ ಜಲಜನಕ ಹಾಗೆಯೇ ಉಳಿಯುತ್ತದೆ. ಮೊದಲು ಮುಗಿಯುವ ವಸ್ತುವೇ ಫಲವನ್ನು ನಿರ್ಧರಿಸುತ್ತದೆ.

ಓದಿನಲ್ಲೂ ಹೀಗೆಯೇ. ಗಂಟೆಗಳು ಸಾಕಷ್ಟಿವೆ, ಕೊರತೆ ಬೇರೆಲ್ಲೋ ಇದೆ. ಮೋಲ್ ಎಂದರೇನೆಂದು ಮೊದಲ ವರ್ಷದಲ್ಲೇ ತಿಳಿಯದೆ ಹೋಗಿರಬಹುದು. ನಿದ್ರೆ ಸಾಲದಿರಬಹುದು. "ಅರ್ಥವಾಗಲಿಲ್ಲ" ಎನ್ನುವ ಧೈರ್ಯವಿಲ್ಲದಿರಬಹುದು. ಕಂಡುಹಿಡಿಯಲು ಸುಲಭ ದಾರಿಯಿದೆ: ಪುಸ್ತಕ ಮುಚ್ಚಿ ಸಮೀಕರಣ ಬರೆದು, ಅದು ಏಕೆ ಹಾಗೆ ಎಂದು ತಂಗಿಗೋ ಅಮ್ಮನಿಗೋ ವಿವರಿಸಲಿ. ಮಾತು ತಡವರಿಸಿದಲ್ಲೇ ಕೊರತೆ. ಆ ಭಾಗವನ್ನು ಅಂದೇ ಓದಿ, ಎರಡು ದಿನ ಬಿಟ್ಟು ಮತ್ತೆ ಬರೆದು ನೋಡಲಿ.

ಕಾನಾ ಊರಿನ ಮದುವೆಯನ್ನು ನೆನೆಯಿರಿ. ದ್ರಾಕ್ಷಾರಸ ಮುಗಿದಾಗ ಮಾತೆ ಮರಿಯಮ್ಮನವರು ಯಾರನ್ನೂ ದೂರಲಿಲ್ಲ. ಕೊರತೆಯನ್ನು ಗಮನಿಸಿ ಮಗನಿಗೆ ತಿಳಿಸಿದರು. ಯೇಸುಸ್ವಾಮಿ ಅದ್ಭುತವೆಸಗುವ ಮುನ್ನ ಸೇವಕರು ಆರು ಕಲ್ಲಿನ ಬಾನೆಗಳನ್ನು ಕಂಠದವರೆಗೆ ತುಂಬಬೇಕಾಯಿತು. ನೀರು ಹೊರುವ ಪಾಲು ನಮ್ಮದು. ಪರೀಕ್ಷೆಯ ಮುಂಜಾನೆ ಹಚ್ಚುವ ಮೇಣದಬತ್ತಿ ಆ ದುಡಿಮೆಗೆ ಬಲ ಕೊಡುತ್ತದೆ, ಅದರ ಬದಲಿಗೆ ನಿಲ್ಲುವುದಿಲ್ಲ.

ಪ್ರಿಯ ತಂದೆತಾಯಿಯರೇ, "ಎಷ್ಟು ಅಂಕ?" ಎನ್ನುವ ಮೊದಲು "ಎಲ್ಲಿ ಕಷ್ಟವಾಗುತ್ತಿದೆ, ಮಗಾ?" ಎಂದು ಕೇಳಿ. ಅಂಕಪಟ್ಟಿ ಹಿಡಿದು ಮನೆಗೆ ಬರಲು ಹೆದರಿ ಪ್ರಾಣವನ್ನೇ ಕಳೆದುಕೊಂಡ ಮಕ್ಕಳಿದ್ದಾರೆ. ಫಲಿತಾಂಶ ಏನೇ ಇರಲಿ, ಮನೆಯ ಬಾಗಿಲು ತೆರೆದೇ ಇರುತ್ತದೆ ಎಂಬ ಮಾತನ್ನು ಪರೀಕ್ಷೆಗೆ ಮುಂಚೆಯೇ ಹೇಳಿಬಿಡಿ. ಕಡಿಮೆ ಬಿದ್ದಿರುವುದು ಈ ಒಂದು ಮಾತೇ ಇರಬಹುದು.

ಚಿಂತನೆಗೆ: ನಮ್ಮ ಮನೆಯಲ್ಲಿ ಮಕ್ಕಳು ತಮ್ಮ ಸೋಲನ್ನು ಯಾರ ಬಳಿ ಹೇಳಿಕೊಳ್ಳುತ್ತಾರೆ?

ಪ್ರಾರ್ಥನೆ: ಪ್ರಭುವೇ, ನಮ್ಮ ಕೊರತೆಯನ್ನು ಕಾಣುವ ಕಣ್ಣನ್ನೂ ಅದನ್ನು ಒಪ್ಪುವ ಮನಸ್ಸನ್ನೂ ಕೊಡು. ನಾವು ತುಂಬಿದ ನೀರನ್ನು ನೀನು ಹರಸು. ಆಮೆನ್.