ತಂಬುಳಿ ಕುದಿಸಿದವನು

ನಾನು ಮಂಡ್ಯದ ಕಡೆಯವನು. ನಮ್ಮಲ್ಲಿ ಸೊಪ್ಪು ಮನೆಗೆ ಬಂತೆಂದರೆ ಮೊದಲು ಒಲೆಯ ಮೇಲೆ ಎಸರು ಕಾಯಬೇಕು. ಬೆರಕೆ ಸೊಪ್ಪಾಗಲಿ, ದಂಟಾಗಲಿ, ಕಾಳಿನ ಜೊತೆ ಬೇಯಿಸಿ ಬಸಿಯುವುದು. ಬಸಿದ ಕಟ್ಟು ಸಾರಿಗೆ, ಉಳಿದ ಸೊಪ್ಪು ಪಲ್ಯಕ್ಕೆ. ಬಸ್ಸಾರು, ಉಪ್ಸಾರು, ಮಸ್ಸೊಪ್ಪು ಮೂರೂ ಬಂದರೆ ಅಡುಗೆ ಬಂತೆಂದೇ ಲೆಕ್ಕ. ಈ ಧೈರ್ಯವನ್ನು ಹೊತ್ತುಕೊಂಡೇ 1991ರಲ್ಲಿ ಬ್ಯಾಂಕಿನ ಕೆಲಸಕ್ಕೆಂದು ಶಿರಸಿಗೆ ಹೋದೆ.

ಬಾಡಿಗೆಗೆ ಸಿಕ್ಕಿದ್ದು ಅಡಿಕೆ ತೋಟದ ಮನೆಯೊಂದರ ಹಿಂದಿನ ಕೋಣೆ. ಒಂದು ಭಾನುವಾರ ಮನೆಯ ಅಮ್ಮ ತೋಟದ ಕಾಲುವೆ ಬದಿಯಿಂದ ಒಂದೆಲಗ ಕಿತ್ತು ತಂದುಕೊಟ್ಟರು. ಬೇರಿನ ಮಣ್ಣು ಹೋಗುವ ಹಾಗೆ ತೊಳೆದು, ಕಾಯಿತುರಿ, ಜೀರಿಗೆ ಹಾಕಿ ರುಬ್ಬಿ, ಮಜ್ಜಿಗೆ ಸೇರಿಸಿ, ತುಪ್ಪದ ಒಗ್ಗರಣೆ ಕೊಡು ಅಂದರು. ಅಷ್ಟೇ. ನಾನು ರುಬ್ಬಿ ಮಜ್ಜಿಗೆ ಬೆರೆಸಿ ನೋಡಿದರೆ ಎಲ್ಲ ಹಸಿಹಸಿ. ಕುದಿಸುವ ಮಾತನ್ನು ಅಮ್ಮ ಹೇಳಲು ಮರೆತಿದ್ದಾರೆ ಅಂದುಕೊಂಡು ಪಾತ್ರೆಯನ್ನು ಸ್ಟೌ ಮೇಲಿಟ್ಟೆ. ಐದು ನಿಮಿಷಕ್ಕೆ ಮಜ್ಜಿಗೆ ಒಡೆದು ನೀರು ಒಂದು ಕಡೆ, ಹಸಿರು ಗಸಿ ಒಂದು ಕಡೆ ಆಯಿತು. ಅಮ್ಮ ಬಂದು ಇಣುಕಿದರು. "ತಂಬ್ಳಿ ಕುದಿಸ್ತಾರನ ತಮಾ! ಹೆಸರಲ್ಲೇ ತಂಪಿದೆಯಲ್ಲ?" ಸಂಜೆಯೊಳಗೆ ಸುದ್ದಿ ಕೇರಿಯೆಲ್ಲ ಹಬ್ಬಿತು. ಅಲ್ಲಿದ್ದಷ್ಟು ದಿನವೂ ನಾನು ತಂಬ್ಳಿ ಕುದಿಸಿದ ಮಾಣಿಯೇ.

ಆಮೇಲೆ ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿ ಕಲಿತೆ. ತಂಬುಳಿಯಲ್ಲೂ ಎಲೆಗೊಂದು ಉಪಚಾರ. ಒಂದೆಲಗ ಹಸಿಯಾಗಿಯೇ ಒರಳಿಗೆ ಹೋಗುತ್ತದೆ. ದೊಡ್ಡಪತ್ರೆಗೆ ಹಾಗಲ್ಲ. ಓಮದ ಕಟುವಾಸನೆಗೆ ಕಾರಣವಾದ ಥೈಮಾಲ್, ಅದರ ದಾಯಾದಿ ಕಾರ್ವಕ್ರಾಲ್ ಆ ದಪ್ಪ ಎಲೆಯಲ್ಲೂ ಇವೆ. ಹಸಿಯಾಗಿ ರುಬ್ಬಿದರೆ ನಾಲಿಗೆ ಚುರುಗುಟ್ಟುತ್ತದೆ. ಜೀರಿಗೆ, ಮೆಣಸಿನ ಕಾಳಿನ ಜೊತೆ ತುಪ್ಪದಲ್ಲಿ ಎಲೆ ಬಾಡುವವರೆಗೆ ಹುರಿದು, ಆರಿಸಿ, ಆಮೇಲೆ ರುಬ್ಬಬೇಕು. ಆರಿಸುವ ತಾಳ್ಮೆ ಇಲ್ಲದೆ ಬಿಸಿಯಲ್ಲೇ ಮಜ್ಜಿಗೆಗೆ ಹಾಕಿದರೆ ಮತ್ತೆ ಒಡೆಯುತ್ತದೆ. ಇದನ್ನೂ ಒಮ್ಮೆ ಮಾಡಿಯೇ ತಿಳಿದುಕೊಂಡೆ. ಪೇರಲ ಕುಡಿ, ದಾಳಿಂಬೆ ಕುಡಿಯ ತಂಬುಳಿಗಳನ್ನು ಮಾತ್ರ ರುಚಿಗಿಂತ ಹೆಚ್ಚಾಗಿ ಹೊಟ್ಟೆ ಕೆಟ್ಟ ದಿನಗಳಲ್ಲಿ ಕಂಡವನು ನಾನು.

ಮಳೆ ಹಿಡಿದಾಗ ಕೆಸು ಬಂತು. ಅದರ ಕರಕಲಿಗೆ ಅಮ್ಮ ಹುಣಸೆಹಣ್ಣನ್ನು ನಿಂಬೆಗಾತ್ರಕ್ಕಿಂತ ಜಾಸ್ತಿಯೇ ಹಾಕಿ, ಸೌದೆ ಒಲೆಯ ಮೇಲೆ ಎಲೆ ಕರಗಿ ಮುದ್ದೆಯಾಗುವ ತನಕ ಬೇಯಿಸುತ್ತಿದ್ದರು. ಕೊನೆಗೆ ಬೆಳ್ಳುಳ್ಳಿ ಒಗ್ಗರಣೆ. ನಾನೋ ಅಷ್ಟು ಹೊತ್ತಿಗೆ 'ಕಡಿಮೆ ಬೆಂಕಿ' ಪಂಥ ಸೇರಿಬಿಟ್ಟಿದ್ದೆ. ಕೆಸುವನ್ನು ಪಾಲಕಿನ ಹಾಗೆ ಎರಡು ಕುದಿ ಬರಿಸಿ, ಹುಳಿ ನೆಪಕ್ಕೆ ಹಾಕಿ ಉಂಡೆ. ಗಂಟಲಿಗೆ ಯಾರೋ ಸೂಜಿ ಚುಚ್ಚಿದ ಹಾಗಾಯಿತು. ಇದು ಬರೀ ಹೋಲಿಕೆಯಲ್ಲ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ನಿಜವಾಗಿಯೂ ಸೂಜಿಯ ಆಕಾರದಲ್ಲೇ ಇರುತ್ತವೆ. ಹುಳಿ ಹಾಕಿ ಚೆನ್ನಾಗಿ ಬೇಯಿಸದೆ ಆ ತುರಿಕೆ ಅಡಗುವುದಿಲ್ಲ.

1997ರಲ್ಲಿ ಆಗಿನ ಬಿಜಾಪುರಕ್ಕೆ ವರ್ಗವಾಯಿತು. ಅಲ್ಲಿ ಸೊಪ್ಪಿಗೆ ತಪ್ಪಲ ಅನ್ನುತ್ತಾರೆ. ಮಧ್ಯಾಹ್ನ ನಮ್ಮ ಶಾಖೆಯ ಜವಾನರು ಬುತ್ತಿ ಬಿಚ್ಚಿದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಪಕ್ಕದಲ್ಲಿ ಒಂದು ಹಿಡಿ ಹಸಿ ಮೆಂತ್ಯದ ತಪ್ಪಲ. ಒಮ್ಮೊಮ್ಮೆ ಹಕ್ಕರಕಿಯೂ ಇರುತ್ತಿತ್ತು. ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ, ಕಡ್ಡಿ ಸಮೇತ ಕಚ್ಚಿ ತಿನ್ನುವುದು. ಮರುದಿನ ನಾನೂ ಮೆಂತ್ಯ ಒಯ್ದೆ. ಕಹಿ ಹೋಗಲೆಂದು ಉಪ್ಪು ತಿಕ್ಕಿ, ಹತ್ತು ನಿಮಿಷ ಬಿಟ್ಟು, ಹಿಂಡಿ ತಂದಿದ್ದೆ. ಅವರು ಡಬ್ಬಿ ನೋಡಿ ನಕ್ಕರು. "ಜೀವಾನ ಹಿಂಡಿ ಚೆಲ್ಲೀರಲ್ರೀ ಸಾಹೇಬ್ರ!" ಅವರ ಪಾಲಿನ ಸೊಪ್ಪನ್ನು ರೊಟ್ಟಿಯೊಳಗಿಟ್ಟು ಕೊಟ್ಟರು. ಜೋಳದ ಸಪ್ಪೆಸಿಹಿ, ಶೇಂಗಾದ ಜಿಡ್ಡು, ಮೊಸರಿನ ಹುಳಿ, ಇವುಗಳ ನಡುವೆ ಆ ಕಹಿ ಇಲ್ಲದಿದ್ದರೆ ಊಟವೇ ಮಂಕು. ಚಪಾತಿಯ ಜೊತೆ ಅದೇ ಮೆಂತ್ಯ ಬರೀ ಕಹಿ. ಇದನ್ನು ನಾನು ಮನೆಯಲ್ಲಿ ತಿಂದು ನೋಡಿಯೇ ಹೇಳುತ್ತಿದ್ದೇನೆ.

ಹೀಗೆ ನಾನು ಪೂರ್ತಿ ಹಸಿಸೊಪ್ಪಿನ ಭಕ್ತನಾದೆ. ಕೆಸುವಿನ ಪಾಠ ಆ ಉತ್ಸಾಹದಲ್ಲಿ ಹೇಗೋ ಮರೆತೇಹೋಯಿತು. ನಿವೃತ್ತಿಯಾಗಿ ಬೆಂಗಳೂರಿಗೆ ಬಂದ ಮೇಲೆ ಬೆಳಗಿನ ವಾಕಿಂಗ್ ಗುಂಪಿನಲ್ಲಿ ಯಾರೋ ಚಕ್ರಮುನಿಯ ಗುಣಗಾನ ಮಾಡಿದರು. ಎಲ್ಲ ವಿಟಮಿನ್ನೂ ಒಂದೇ ಗಿಡದಲ್ಲಿದೆ, ಹಸಿರಸ ಕುಡಿದರೆ ತೂಕ ಇಳಿಯುತ್ತದೆ ಎಂದು. ಕುಂಡದಲ್ಲಿ ಬೆಳೆಸಿದ್ದ ಎಲೆಯನ್ನು ಮಿಕ್ಸಿಗೆ ಹಾಕಿ ನಾಲ್ಕು ದಿನ ಕುಡಿದೆ. ಐದನೆಯ ದಿನ ಆಹಾರ ವಿಜ್ಞಾನ ಓದಿದ ಮಗಳು ಲೋಟ ಕಿತ್ತುಕೊಂಡಳು. 1990ರ ದಶಕದ ನಡುವಿನಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದೇ ಎಲೆಯ ಹಸಿರಸವನ್ನು ವಾರಗಟ್ಟಲೆ ಕುಡಿದವರಲ್ಲಿ ಅನೇಕರಿಗೆ ಶ್ವಾಸಕೋಶದ ಸಣ್ಣ ನಾಳಗಳು ಕಟ್ಟಿಕೊಂಡು ಶಾಶ್ವತ ಉಬ್ಬಸ ಉಳಿಯಿತು, ಕೆಲವರು ಸತ್ತರು. ಮಲೇಷ್ಯಾದಲ್ಲಿ ಅದನ್ನೇ ಬೇಯಿಸಿ ಪಲ್ಯದಂತೆ ತಿನ್ನುತ್ತಾ ಬಂದಿದ್ದಾರೆ. ನಮ್ಮಲ್ಲೂ ಅದು ಹುಳಿಗೋ ಪಲ್ಯಕ್ಕೋ ಹೋಗುತ್ತಿದ್ದ ಸೊಪ್ಪು. ಮಿಕ್ಸಿ ಜಾರಿನಿಂದ ನೇರ ಲೋಟಕ್ಕೆ ಸುರಿಯುವ ಬುದ್ಧಿ ನನ್ನಂಥವರದು. ಈಗ ನಮ್ಮ ಮನೆಯಲ್ಲಿ ಚಕ್ರಮುನಿ ತೊಗರಿಬೇಳೆಯ ಜೊತೆ ಬೆಂದೇ ತಟ್ಟೆಗೆ ಬರುತ್ತದೆ, ಅದೂ ಅಪರೂಪಕ್ಕೆ.

ದಿನನಿತ್ಯದ ಕೊತ್ತಂಬರಿಯಲ್ಲೂ ಇದೇ ಲೆಕ್ಕಾಚಾರ, ಮೂವತ್ತು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಟ್ಟು ಬಿಚ್ಚಿ ಎಲೆ ಬಿಡಿಸಿ ಕಡ್ಡಿಯನ್ನು ಎಸೆಯುತ್ತಿದ್ದೆ, ಎಲೆಯನ್ನು ಕುದಿಯುವ ಸಾರಿಗೆ ಹಾಕುತ್ತಿದ್ದೆ. ಎರಡೂ ತಪ್ಪು. ಎಲೆಯ ಘಮ ಕುದಿಯಲ್ಲಿ ಆವಿಯೊಂದಿಗೆ ಹಾರಿಹೋಗುತ್ತದೆ. ಒಲೆ ಆರಿಸಿ, ಎಲೆ ಉದುರಿಸಿ, ಮುಚ್ಚಳ ಮುಚ್ಚಬೇಕು. ಕುದಿ ತಡೆಯುವುದು ಕಡ್ಡಿ. ಅದನ್ನು ದಾರದಲ್ಲಿ ಕಟ್ಟಿ ತಿಳಿಸಾರು ಕುದಿಯುವಾಗ ಇಳಿಬಿಟ್ಟು, ಕೊನೆಗೆ ತೆಗೆದುಬಿಡುತ್ತೇನೆ. ತೊಳೆದ ಕೊತ್ತಂಬರಿಯನ್ನು ಒದ್ದೆಯಾಗಿಯೇ ಕವರಿನಲ್ಲಿಟ್ಟರೆ ಎರಡೇ ದಿನಕ್ಕೆ ಲೋಳೆ. ತೊಳೆಯದೆ ಪೇಪರಿನಲ್ಲಿ ಸುತ್ತಿಟ್ಟರೆ ವಾರ ಬಾಳುತ್ತದೆ. ಸಬ್ಬಸಿಗೆಯ ದಪ್ಪ ಕಡ್ಡಿಯನ್ನು ಮಾತ್ರ ಯಾವ ದಾಕ್ಷಿಣ್ಯವೂ ಇಲ್ಲದೆ ಎಸೆಯಿರಿ, ಅಕ್ಕಿರೊಟ್ಟಿ ತಟ್ಟುವಾಗ ಹರಿಯುವುದು ಅಲ್ಲೇ.

ಕರಿಬೇವು ಮಾತ್ರ ಕಾದ ಎಣ್ಣೆಯನ್ನೇ ಬೇಡುತ್ತದೆ. ಒದ್ದೆ ಎಲೆ ಹಾಕಿ ಸಿಡಿದ ಕಲೆ ನನ್ನ ಮುಂಗೈ ಮೇಲೆ ಇನ್ನೂ ಇದೆ. ಹೋದ ವರ್ಷ ಬಾಲ್ಕನಿಯಲ್ಲಿ ಗಿಡ ನೆಟ್ಟೆ. ಎಳೆ ಎಲೆಗಳ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಏನೋ ಕಂಡು ಒರೆಸಲು ಹೋದರೆ ಅದು ಅಲುಗಾಡಿತು. ಚಿಟ್ಟೆಯ ಮರಿಹುಳು. ಕರಿಬೇವು, ನಿಂಬೆ ಗಿಡಗಳ ಮೇಲೆ ಮೊಟ್ಟೆಯಿಡುವ ಕಪ್ಪು ಚಿಟ್ಟೆ ಅದು. ಹುಳು ಬೆಳೆದಂತೆ ಎಲೆಯ ಬಣ್ಣಕ್ಕೇ ತಿರುಗಿತು. ಔಷಧಿ ಹೊಡೆದರೆ ಎಲೆ ನಮಗೂ ಇಲ್ಲವಲ್ಲ ಎಂದು ಸುಮ್ಮನಿದ್ದೆ. ಈಗ ಗಿಡದಲ್ಲಿ ಕಡ್ಡಿ ಬಿಟ್ಟು ಇನ್ನೇನೂ ಇಲ್ಲ. ಒಗ್ಗರಣೆಗೆ ಸೊಪ್ಪಿನವಳು ಕೊಸರು ಹಾಕುವ ನಾಲ್ಕು ಎಸಳೇ ಗತಿ.