ಗೋಲು ಹೊಡೆಯುವ ಕಾಲಿಗೆ ಪಂದ್ಯ ಬೇಕು: ಪುತ್ತೂರು, ಸುಳ್ಯ, ಕಡಬದ ಎಳೆಯ ಫಾರ್ವರ್ಡ್‌ಗಳಿಗೆ ಹತ್ತು ಸೂತ್ರಗಳು

ಈ ಮೂರು ತಾಲ್ಲೂಕುಗಳಲ್ಲಿ ಕಬಡ್ಡಿಗೆ ಊರೇ ನೆರೆಯುತ್ತದೆ, ವಾಲಿಬಾಲ್‌ಗೆ ರಾತ್ರಿಯಿಡೀ ಜನ ಕೂರುತ್ತಾರೆ. ಫುಟ್‌ಬಾಲ್‌ಗೆ ಆ ಭಾಗ್ಯ ಇನ್ನೂ ಬಂದಿಲ್ಲ. ಆದರೆ ಜಾಲ್ಸೂರು ದಾಟಿದರೆ ಕಾಸರಗೋಡು ಜಿಲ್ಲೆ. ಅದರ ತೆಂಕಣ ತುದಿಯ ತ್ರಿಕರಿಪುರದಲ್ಲಿ ಹುಟ್ಟಿದ ಮೊಹಮ್ಮದ್ ರಾಫಿ ಭಾರತ ತಂಡದ ಸ್ಟ್ರೈಕರ್ ಆದರು. ಅದೇ ಮಳೆ, ಅದೇ ಕೆಂಪು ಮಣ್ಣು, ಅದೇ ಕುಚ್ಚಲಕ್ಕಿ. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು? ನಮ್ಮ ಹುಡುಗರಿಗೆ ಕಾಲು ಇದೆ, ಓಟ ಇದೆ, ಎದೆಗಾರಿಕೆಯೂ ಇದೆ. ಇಲ್ಲದಿರುವುದು ವರ್ಷವಿಡೀ ನಡೆಯುವ ಪಂದ್ಯಗಳು. ಈ ಸೂತ್ರಗಳೆಲ್ಲ ಆ ಕೊರತೆಯನ್ನು ತುಂಬಿಕೊಳ್ಳುವ ದಾರಿಗಳು.

1. ಕಪ್ ಬೇಡ, ಪಂದ್ಯ ಎಣಿಸಿ

ಒಂದು ನೋಟ್‌ಬುಕ್ ಇಡಿ. ತಾರೀಕು, ಮೈದಾನ, ಎಷ್ಟು ನಿಮಿಷ ಆಡಿದಿರಿ, ಎಷ್ಟು ಸಲ ಗೋಲಿನತ್ತ ಹೊಡೆದಿರಿ, ಎಷ್ಟು ಒಳಗೆ ಹೋಯಿತು ಎಂದು ಬರೆದಿಡಿ. ವರ್ಷದ ಕೊನೆಗೆ ಹನ್ನೊಂದು ಜನರ ಪಂದ್ಯ ಕೈಬೆರಳಲ್ಲಿ ಎಣಿಸುವಷ್ಟೇ ಇದ್ದರೆ, ಮನೆಯ ಶೋಕೇಸಿನಲ್ಲಿ ಟ್ರೋಫಿ ಎಷ್ಟಿದ್ದರೂ ನೀವು ಬೆಳೆದಿಲ್ಲ ಎಂದೇ ತಿಳಿಯಿರಿ. ಶಾಲಾ ಕ್ರೀಡಾಕೂಟದಲ್ಲಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಿವೆ. ಆದರೆ ಅಲ್ಲಿ ಒಂದು ಪಂದ್ಯ ಸೋತರೆ ಆ ವರ್ಷ ಮುಗಿಯಿತು. ಆದ್ದರಿಂದ ಮಂಗಳೂರಿನ ನೆಹರೂ ಮೈದಾನದ ಟೂರ್ನಿಗಳಿಗೆ ಹೋಗಿ. ಕಾಸರಗೋಡಿನ ಕ್ಲಬ್‌ಗಳೊಂದಿಗೆ ಸ್ನೇಹದ ಪಂದ್ಯ ಕೇಳಿ, ಬಸ್ ಚಾರ್ಜು ಹಂಚಿಕೊಂಡಾದರೂ ಹೋಗಿ ಆಡಿ. ಗೋಲಿನ ಮುಂದೆ ಅರೆಕ್ಷಣದಲ್ಲಿ ಆಗುವ ನಿರ್ಧಾರವನ್ನು ಯಾವ ಕೋಚ್ ಕೂಡ ಹೇಳಿಕೊಡಲಾರ. ಅದು ಆಡಿ ಆಡಿ ಮೈಗೆ ಹತ್ತಬೇಕು.

2. ಆಫ್‌ಸೈಡ್ ಹೊಸದಾಗಿ ಕಲಿಯಿರಿ

ನಮ್ಮ ಹುಡುಗರು ಎಡವುವುದು ಹೆಚ್ಚಾಗಿ ಇಲ್ಲೇ. ಏಳು ಜನರ ಸೆವೆನ್ಸ್ ಆಟದಲ್ಲಿ ಆಫ್‌ಸೈಡ್ ಇಲ್ಲ, ಬಾಡಿಗೆ ಟರ್ಫ್‌ನ ಐದು ಜನರ ಆಟದಲ್ಲೂ ಇಲ್ಲ. ಹಾಗಾಗಿ ಎದುರಾಳಿ ಗೋಲಿಯ ಪಕ್ಕದಲ್ಲೇ ನಿಂತು ಚೆಂಡಿಗೆ ಕಾಯುವ ಅಭ್ಯಾಸ ಬೆಳೆಯುತ್ತದೆ. ಆಯ್ಕೆ ಶಿಬಿರದ ಹನ್ನೊಂದರ ಪಂದ್ಯದಲ್ಲಿ ಮೂರು ಸಲ ಬಾವುಟ ಎದ್ದರೆ ಆಯ್ಕೆಗಾರರು ಇನ್ನೊಬ್ಬನನ್ನು ನೋಡತೊಡಗುತ್ತಾರೆ.

ನಿಯಮ ಸರಳ. ಜೊತೆಗಾರ ಚೆಂಡು ಒದ್ದ ಆ ಗಳಿಗೆಯಲ್ಲಿ ಎದುರಾಳಿ ಅಂಗಳದಲ್ಲಿ ನೀವು ಚೆಂಡಿಗಿಂತಲೂ, ಕೊನೆಯಿಂದ ಎರಡನೆಯ ಎದುರಾಳಿಗಿಂತಲೂ ಮುಂದೆ ಇರಬಾರದು. ನಿಮ್ಮದೇ ಅರ್ಧದಲ್ಲಿದ್ದರೆ ಆಫ್‌ಸೈಡ್ ಇಲ್ಲ. ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೂ ಇಲ್ಲ. ಥ್ರೋ-ಇನ್‌ನ ಈ ರಿಯಾಯಿತಿಯನ್ನು ಬಳಸಿಕೊಳ್ಳುವ ಹುಡುಗರು ಎಷ್ಟು ಕಡಿಮೆ! ಅಭ್ಯಾಸಕ್ಕೆ ನಾಲ್ಕು ಚಪ್ಪಲಿಗಳನ್ನು ಅಡ್ಡಸಾಲಾಗಿ ಇಡಿ, ಅದೇ ಡಿಫೆಂಡರ್‌ಗಳ ಗೆರೆ. ನೇರ ಮುಂದಕ್ಕೆ ಓಡದೆ, ಮೊದಲು ಗೆರೆಯ ಉದ್ದಕ್ಕೆ ಅಡ್ಡಲಾಗಿ ಓಡಿ. ಕಣ್ಣು ಪಾಸ್ ಕೊಡುವವನ ಕಾಲಿನ ಮೇಲಿರಲಿ. ಚೆಂಡು ಕಾಲು ಬಿಟ್ಟಾಗ ಒಳಕ್ಕೆ ತಿರುಗಿ. ದಿನಕ್ಕೆ ಇಪ್ಪತ್ತು ಸಲ ಇದೊಂದನ್ನೇ ಮಾಡಿದರೂ ಒಂದು ಮಳೆಗಾಲ ಕಳೆಯುವುದರೊಳಗೆ ಓಟದ ಲಯ ಬದಲಾಗುತ್ತದೆ.

3. ತಲೆಯೂ ಗೋಲು ಹೊಡೆಯುತ್ತದೆ

ರಾಫಿಯ ದೊಡ್ಡ ಆಸ್ತಿ ಹೆಡರ್. 2016ರ ಡಿಸೆಂಬರ್ 18ರಂದು ಕೊಚ್ಚಿಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನ 37ನೇ ನಿಮಿಷದಲ್ಲಿ ಮೆಹ್ತಾಬ್ ಹುಸೇನ್ ಒದ್ದ ಕಾರ್ನರ್‌ಗೆ ತಲೆಕೊಟ್ಟು ಅವರು ಕೇರಳ ಬ್ಲಾಸ್ಟರ್ಸ್‌ಗೆ ಮುನ್ನಡೆ ತಂದರು. ಪಂದ್ಯ ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಎದುರಾಳಿ ಕೋಲ್ಕತ್ತ ತಂಡದ ಪಾಲಾಯಿತು, ಅದು ಬೇರೆ ಮಾತು. ಎತ್ತರ ಇಲ್ಲ ಎಂದು ಕೊರಗಬೇಡಿ. ಭಾರತದ ಸ್ಟ್ರೈಕರ್ ಸುನಿಲ್ ಛೆಟ್ರಿ 170 ಸೆಂಟಿಮೀಟರ್ ಮಾತ್ರ, ಆದರೂ ಎತ್ತರದ ಡಿಫೆಂಡರ್‌ಗಳ ನಡುವೆ ಎದ್ದು ಎಷ್ಟೋ ಗೋಲು ಹೊಡೆದಿದ್ದಾರೆ. ಡಿಫೆಂಡರ್‌ಗಿಂತ ಅರೆಕ್ಷಣ ಮೊದಲು ನೆಗೆಯುವುದು, ಹಣೆಯಿಂದಲೇ ಹೊಡೆಯುವುದು, ಚೆಂಡನ್ನು ನೆಲದ ಕಡೆಗೆ ಇಳಿಸುವುದು ಅಭ್ಯಾಸವಾಗಲಿ. ಸಣ್ಣ ಮಕ್ಕಳಿಗೆ ಮಾತ್ರ ಇದು ಬೇಡ. ಎಳೆಯ ಮಿದುಳಿನ ಕಾಳಜಿಯಿಂದ ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಶಾಲಾ ವಯಸ್ಸಿನವರ ತರಬೇತಿಯಲ್ಲಿ ಹೆಡರ್ ಕೈಬಿಟ್ಟಿದ್ದಾರೆ.

4. ಎಡಗಾಲನ್ನು ಸೋಮಾರಿಯಾಗಿ ಬಿಡಬೇಡಿ

ಮನೆಯ ಹಿಂದಿನ ಮುರಕಲ್ಲಿನ ಗೋಡೆ ಸಾಕು. ಬಲಗಾಲಲ್ಲಿ ಹತ್ತು ಒದ್ದರೆ ಎಡಗಾಲಲ್ಲಿ ಇಪ್ಪತ್ತು.

5. ಮಳೆಗಾಲವೇ ನಿಮ್ಮ ಜಿಮ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನದಲ್ಲಿ ನೀರು. ಆಗ ಫಿಫಾದ '11+' ಹಿಡಿಯಿರಿ. ಗಾಯ ತಡೆಯಲೆಂದೇ ರೂಪಿಸಿದ, ಸುಮಾರು 20 ನಿಮಿಷದಲ್ಲಿ ಮುಗಿಯುವ 15 ವ್ಯಾಯಾಮಗಳ ಸರಣಿ ಅದು. ಖರ್ಚಿಲ್ಲ, ವಿಡಿಯೊ ಸುಲಭವಾಗಿ ಸಿಗುತ್ತದೆ, ಹಲವು ವ್ಯಾಯಾಮಗಳನ್ನು ಶಾಲೆಯ ಜಗಲಿಯಲ್ಲೇ ಮಾಡಬಹುದು. ಫಾರ್ವರ್ಡ್‌ಗಳನ್ನು ಹೆಚ್ಚು ಕಾಡುವುದು ತೊಡೆಯ ಹಿಂಬದಿಯ ಸ್ನಾಯು ಮತ್ತು ಮೊಣಕಾಲು. ಮೊಣಕಾಲು ಊದಿದರೆ ಎಣ್ಣೆ ತಿಕ್ಕಿ ಮರುದಿನ ಮೈದಾನಕ್ಕೆ ಇಳಿಯಬೇಡಿ, ಮೂಳೆ ವೈದ್ಯರಿಗೆ ತೋರಿಸಿ. ಈ ಒಂದು ಉದಾಸೀನದಿಂದ ಮುಗಿದುಹೋದ ಆಟ ನಮ್ಮ ಊರುಗಳಲ್ಲಿ ಕಡಿಮೆಯಲ್ಲ. ಇನ್ನು ಊಟಕ್ಕೆ ದುಬಾರಿ ಪುಡಿಗಳು ಬೇಕಿಲ್ಲ. ಗಂಜಿ, ಹುರುಳಿ, ಮೊಟ್ಟೆ, ಬಂಗುಡೆ, ನೇಂದ್ರ ಬಾಳೆ ಸಾಕು. ಮೀನು ತಿನ್ನದ ಮನೆಯವರು ಬೇಳೆ, ಹಾಲು ಹೆಚ್ಚಿಸಿ.

6. ಹುಟ್ಟಿದ ತಾರೀಕು ತಿದ್ದಬೇಡಿ

ಒಂದು ಕಪ್‌ಗಾಗಿ ವಯಸ್ಸು ಇಳಿಸುವ ಸಲಹೆ ಕೊಡುವವರು ನಿಮ್ಮ ಹಿತೈಷಿಗಳಲ್ಲ. ವಯೋಮಿತಿಯ ಟೂರ್ನಿಗಳಲ್ಲಿ ಮಣಿಕಟ್ಟಿನ ಎಕ್ಸ್-ರೇ ತೆಗೆದು ಎಲುಬಿನ ವಯಸ್ಸು ನೋಡುತ್ತಾರೆ. ಸಿಕ್ಕಿಬಿದ್ದರೆ ನಿಷೇಧ. ಸಿಗದಿದ್ದರೂ ನಿಮಗಿಂತ ಚಿಕ್ಕವರ ಮೇಲೆ ಗೋಲು ಹೊಡೆದು ಕಲಿತದ್ದು ಸಮವಯಸ್ಕರ ಎದುರು ಉಪಯೋಗಕ್ಕೆ ಬಾರದು.

7. ರಾತ್ರಿ ರೈಲು ಹತ್ತುವ ಧೈರ್ಯವಿರಲಿ

ಕಬಕ ಪುತ್ತೂರಿನಲ್ಲೋ ನೆಟ್ಟಣದ ಸುಬ್ರಹ್ಮಣ್ಯ ರೋಡ್‌ನಲ್ಲೋ ರಾತ್ರಿ ರೈಲು ಹತ್ತಿದರೆ ಬೆಳಗಾಗುವಾಗ ಬೆಂಗಳೂರು. ಲೀಗ್ ಇರುವುದು ಅಲ್ಲಿ: ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಎತ್ತಿತಲ್ಲ, ಮೈಸೂರು ಹೆಸರಿನಲ್ಲಿ ಗೆದ್ದ 54 ವರ್ಷಗಳ ನಂತರ, ಅಂಥ ರಾಜ್ಯ ತಂಡದ ಆಯ್ಕೆಗಾರರ ಕಣ್ಣು ಮೊದಲು ಬೀಳುವುದು ಈ ಲೀಗ್ ಆಡುವವರ ಮೇಲೆ. ಪಿಯುಸಿ ಮುಗಿಸಿ ಹೋಗುವುದು ಒಳ್ಳೆಯ ಸಮಯ. ಊರಲ್ಲೇ ಡಿಗ್ರಿ ಮಾಡುವುದಾದರೆ ಕಾಲೇಜು ತಂಡದಿಂದ ವಿಶ್ವವಿದ್ಯಾನಿಲಯ ತಂಡಕ್ಕೆ, ಅಲ್ಲಿಂದ ಅಂತರ ವಿಶ್ವವಿದ್ಯಾನಿಲಯ ಟೂರ್ನಿಗೆ ಹೋಗುವ ಇನ್ನೊಂದು ದಾರಿಯಿದೆ.

8. ದೊಡ್ಡ ಹೆಸರಿನ ಬೆಂಚಿಗಿಂತ ಸಣ್ಣ ಕ್ಲಬ್‌ನ ಅಂಗಳ ಮೇಲು

2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಚೊಚ್ಚಲ ಪಂದ್ಯದಲ್ಲೇ ಗೋಲು ಹೊಡೆದ ಛೆಟ್ರಿ 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದರು. ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಮರಳಿ ಬಂದರು. 2013ರಲ್ಲಿ ಆಗಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿ ಸೇರಿ ವಾರ ವಾರವೂ ಆಡಿದರು. 2024-25ರ ಐಎಸ್‌ಎಲ್‌ನಲ್ಲಿ, 40ರ ವಯಸ್ಸಿನಲ್ಲಿ, 14 ಗೋಲು! ಎರಡು ಕ್ಲಬ್ ಕರೆದರೆ ಕೇಳಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ. ನನ್ನ ಜಾಗದಲ್ಲಿ ಈಗ ಎಷ್ಟು ಜನ ಇದ್ದಾರೆ ಎಂದು ಕೇಳಿ.

9. ಕ್ಲಬ್ ಮುಚ್ಚಬಹುದು, ಡಿಗ್ರಿ ಮುಚ್ಚುವುದಿಲ್ಲ

2009-10ರ ಐ-ಲೀಗ್‌ನಲ್ಲಿ ಮಹೀಂದ್ರಾ ಯುನೈಟೆಡ್ ಪರ ಆಡಿದ ರಾಫಿ 14 ಗೋಲುಗಳೊಂದಿಗೆ ಭಾರತೀಯರಲ್ಲೇ ಮುಂದಿದ್ದರು. ಅದೇ 2010ರಲ್ಲಿ ಆ ಕ್ಲಬ್ ಬಾಗಿಲು ಹಾಕಿತು. ಛೆಟ್ರಿ ಆಡಿದ್ದ ಪಂಜಾಬಿನ ಜೆಸಿಟಿ ಮರುವರ್ಷ ಮುಚ್ಚಿತು. ಇದು ಹಳೆಯ ಕಥೆಯೂ ಅಲ್ಲ: 2025ರ ಜುಲೈಯಲ್ಲಿ ಐಎಸ್‌ಎಲ್ ಋತುವನ್ನೇ ತಡೆಹಿಡಿಯಲಾಯಿತು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಆಟ ಬಿಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಓದು ಬಿಟ್ಟರೆ ಇಂಥ ತಿಂಗಳುಗಳಲ್ಲಿ ಕೈಕಾಲು ಆಡದು. ರಾಫಿಯ ಮೊದಲ ದೊಡ್ಡ ತಂಡ ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್. ಅಂಥ ಬ್ಯಾಂಕು, ಇಲಾಖೆಗಳ ಕ್ರೀಡಾ ಕೋಟಾಕ್ಕೂ ಅಂಕಪಟ್ಟಿ ಬೇಕು. ಮೊದಲ ಸಂಬಳದಿಂದ ಬೈಕ್ ಕೊಳ್ಳುವ ಮುನ್ನ ಆರು ತಿಂಗಳ ಖರ್ಚು ಬೇರೆ ಇಡಿ.

ಹೆಣ್ಣುಮಕ್ಕಳ ಮನೆಯವರಿಗೂ ಒಂದು ಮಾತು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಮಹಿಳಾ ರಾಷ್ಟ್ರೀಯ ಲೀಗ್‌ನ ಫೈನಲ್ ಆಡಿದೆ. ಮಗಳು ಚೆಂಡಿನ ಹಿಂದೆ ಓಡುತ್ತಿದ್ದರೆ ಬೂಟು ಕೊಡಿಸಿ, ಈ ಹತ್ತೂ ಸೂತ್ರಗಳು ಅವಳಿಗೂ ಹೌದು.

10. ಸಹಿ ಹಾಕುವ ಮುನ್ನ ಮನೆಯವರೊಂದಿಗೆ ಓದಿ

ಟ್ರಯಲ್ಸ್‌ಗೆ ಸೇರಿಸುತ್ತೇನೆ, ವಿದೇಶಕ್ಕೆ ಕಳಿಸುತ್ತೇನೆ ಎಂದು ಮುಂಗಡ ಹಣ ಕೇಳಿದರೆ ಫೋನ್ ಇಟ್ಟುಬಿಡಿ. ಅವರು ಹೆಸರು ಹೇಳಿದ ಕ್ಲಬ್‌ನ ಕಚೇರಿಗೇ ಕರೆಮಾಡಿ ವಿಚಾರಿಸಿ. ಏಜೆಂಟ್ ಎನ್ನುವವರಿಗೆ ಫಿಫಾ ಪರವಾನಗಿ ಇರಬೇಕು, ಕೇಳಿ ನೋಡಿ. 18 ತುಂಬದವರು ಮೂರು ವರ್ಷಕ್ಕಿಂತ ಉದ್ದದ ವೃತ್ತಿಪರ ಕರಾರಿಗೆ ಸಹಿ ಹಾಕುವಂತಿಲ್ಲ ಎಂಬುದು ಫಿಫಾ ನಿಯಮ. ಅಪ್ಪ, ಅಮ್ಮನ ಎದುರಿನಲ್ಲೇ, ಸಾಧ್ಯವಾದರೆ ಪರಿಚಯದ ವಕೀಲರಿಂದ ಓದಿಸಿ, ಮೂರು ಸಂಗತಿ ಗುರುತು ಹಾಕಿಕೊಳ್ಳಿ: ಗಾಯವಾದರೆ ಆಸ್ಪತ್ರೆ ಖರ್ಚು ಯಾರದು, ಆ ತಿಂಗಳುಗಳ ಸಂಬಳ ಬರುತ್ತದೆಯೇ, ಬೇರೆ ಕ್ಲಬ್ ಕರೆದರೆ ಬಿಡುಗಡೆ ಹೇಗೆ. ಕರಾರಿನ ಒಂದು ಪ್ರತಿ ಅಂದೇ ನಿಮ್ಮ ಕೈಗೆ ಬರಬೇಕು. ಕೊಡಲು ಹಿಂಜರಿದರೆ ಸಹಿ ಹಾಕದೆ ಎದ್ದು ಬನ್ನಿ.